ಯಾರೂ ಇಲ್ಲದ ಮನೆ

"ಏನೇ, ಕಿವಿ ಕೆಪ್ಪಾ ನಿಂಗೆ? ಕೋರ್ಟು ಬಂದು ಬಾಗಿಲಲ್ಲಿ ನಿಂತಿದೆ, ನೀನು ಅನ್ನದ ತಪ್ಪಲೆಗೆ ಸೌಟು ಆಡಿಸ್ತಾ ಕೂತಿದ್ದೀಯಾ? ಏಳೇ ಮೇಲೆ, ಮುಂಡೇದೇ!"

ಕೋರ್ಟು ಅಂದರೆ ಅಮೀನ. ಕುಳ್ಳು ದೇಹ, ಎದೆಯ ಮೇಲೆ ಹಿತ್ತಾಳೆ ಬಿಲ್ಲೆ, ಕಂಕುಳಲ್ಲಿ ಕಾಗದದ ಚೀಲ. ಜಡ್ಜು ಸಾಹೇಬರು ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ ಮಾಡಿ ಮುಗಿಸುವುದು ಅವನ ಕೆಲಸ. ನೋಟೀಸು ಅಂಟಿಸಬೇಕು, ಬೀಗ ಒಡೆಸಬೇಕು, ಸಾಮಾನು ಬೀದಿಗೆ ಹಾಕಿಸಬೇಕು, ಒಬ್ಬರ ಕೈಯಿಂದ ಕಿತ್ತು ಇನ್ನೊಬ್ಬರ ಕೈಗೆ ಕೊಡಿಸಬೇಕು, ಕೊನೆಗೆ ಹೀಗೆ ಹೀಗೆ ನಡೆಯಿತು ಅಂತ ವರದಿ ಬರೆದು ಒಪ್ಪಿಸಬೇಕು. ಹೊರುವುದು ಮಾತ್ರ ಅವನ ಕೈಲಾಗದು. ಅದಕ್ಕೆ ಕೂಲಿಯವರು.

"ಅನ್ನ ಬೇಯೋವರೆಗಾದ್ರೂ ತಡೀರಿ ಸಾಮಿ, ಮಕ್ಕಳು ಉಂಡಿಲ್ಲ" ಅಂದಳು ಒಳಗಿನ ಹೆಂಗಸು.

"ಆಜ್ಞೆಯಲ್ಲಿ ಅನ್ನದ ಮಾತಿಲ್ಲ. ಎತ್ರೋ!"

ಕೂಲಿಯವರಲ್ಲಿ ಒಬ್ಬಳಾದ ಸೈರನಕ್ಕ ತಪ್ಪಲೆಯನ್ನು ಸೆರಗಿನಿಂದ ಹಿಡಿದು ಎತ್ತಿದಳು. ಅರ್ಧ ಬೆಂದ ಅಕ್ಕಿ ಒಳಗೆ ಇನ್ನೂ ಕೊತಕೊತ ಅನ್ನುತ್ತಿತ್ತು. ಅದನ್ನು ಚೆಲ್ಲದಂತೆ ತಂದು ಬೀದಿಯ ಕಲ್ಲಿನ ಮೇಲಿಟ್ಟಾಗ ಆ ಹೆಂಗಸು ಅವಳ ಕಾಲ ಬಳಿ ಥೂ ಅಂತ ಉಗಿದಳು.

"ನೀನೂ ಒಬ್ಬಳು ಹೆಂಗ್ಸಾ? ಕೋರ್ಟಿನ ನಾಯಿ!"

ಸೈರನಕ್ಕ ಉಗುಳನ್ನು ದಾಟಿಕೊಂಡು ಬೀರುವಿನ ಹತ್ತಿರ ಹೋದಳು. ಬೀಡಿಯಣ್ಣ, ಉದ್ದಪ್ಪ, ಅವಳ ಮೈದುನ ಮೂವರೂ ಒಂದೊಂದು ಮೂಲೆಗೆ ಕೈ ಕೊಟ್ಟು ಅವಳ ಬಾಯಿ ನೋಡುತ್ತಿದ್ದರು. "ಐಸಾ!" ಅಂತ ಅವಳು ಕೂಗಿದಳು. ಬೀರು ಎದ್ದಿತು.

ಸೈರನ್ನಿನಂಥ ಆ ಕೂಗಿನಿಂದಲೇ ಅವಳಿಗೆ ಆ ಹೆಸರು. ಕೂಗು ಬಂದದ್ದು ಹೊಲಿಗೆಯ ಷೆಡ್ಡಿನಿಂದ. ತಗಡಿನ ಮಾಡಿನ ಕೆಳಗೆ ಅಷ್ಟೂ ಮಿಷನ್ನುಗಳು ಒಟ್ಟಿಗೆ ಓಡುವಾಗ ಪಕ್ಕದವಳಿಗೆ ದಾರದುಂಡೆ ಕೊಡು ಅನ್ನುವುದಕ್ಕೂ ಗಂಟಲು ಹರಿಯುವಂತೆ ಅರಚಬೇಕಿತ್ತು. ಷೆಡ್ಡು ಸಾಹುಕಾರನದು, ಮಿಷನ್ನುಗಳು ಹೊಲಿಯುವ ಹೆಂಗಸರವು. ಸ್ವಂತ ಮಿಷನ್ನು ತಂದರೆ ಮಾತ್ರ ಕೆಲಸ ಅನ್ನುವುದು ಅವನ ಕರಾರು. ಅವಳು ತವರಿನಿಂದ ಬಂದ ಓಲೆ ಮಾರಿ ತಂದಿದ್ದಳು. ಒಂದು ದಿನ ಎಲ್ಲರೂ ಸೇರಿ, ಇಷ್ಟು ಹೆಂಗಸರಿಗೆ ಒಂದು ಕಕ್ಕಸು ಕಟ್ಟಿಸಿಕೊಡಿ ಅಂತ ಕೇಳಿದರು. ಮರುದಿನ ಬಂದು ನೋಡಿದರೆ ಷೆಡ್ಡಿಗೆ ಬೀಗ. ಮಿಷನ್ನುಗಳು ಒಳಗೆ, ಹೆಂಗಸರು ಹೊರಗೆ.

ಕೋರ್ಟಿಗೆ ಹೋದರು. ಅಲೆದರು. ಗೆದ್ದರು. ಮಿಷನ್ನುಗಳನ್ನು ಅವರವರಿಗೆ ಕೊಡಿಸತಕ್ಕದ್ದು ಅಂತ ಆಜ್ಞೆ ಆಯಿತು. ಆ ಆಜ್ಞೆ ಈ ಅಮೀನನ ಚೀಲ ಸೇರಿತು. ಎರಡು ಸಲ ಹೋಗಿ ಬಂದ, ಎರಡು ಸಲವೂ 'ಬೀಗ ಹಾಕಿತ್ತು' ಅಂತ ಬರೆದ. ಇನ್ನೊಂದು ಸಲ ಹಾಗೇ ಬರೆದರೆ ಫೈಲು ಕಟ್ಟಿ ಅಟ್ಟಕ್ಕೆ ಹಾಕ್ತಾರೆ, ಆಮೇಲೆ ನಾನೂ ಏನೂ ಮಾಡಕ್ಕಾಗಲ್ಲಮ್ಮ ಅಂದಿದ್ದರು ವಕೀಲರು.

ಹೊಟ್ಟೆಪಾಡಿಗೆ ಅವಳು ಮೈದುನನ ಜೊತೆ ಹೊರುವ ಕೆಲಸಕ್ಕೆ ಸೇರಿದ್ದಳು. ಅಮೀನನಿಗೆ ಅವಳು ಯಾರೆಂದು ಗೊತ್ತಿರಲಿಲ್ಲ. ಹೊರುವವರ ಬೆನ್ನು ನೋಡಿ ಅಭ್ಯಾಸವಾದವನು, ಅವರಿಗೆ ಮುಂದುಗಡೆ ಮುಖವೂ ಇರುತ್ತದೆ ಅನ್ನುವುದನ್ನು ಎಂದೂ ಪರೀಕ್ಷಿಸಿದವನಲ್ಲ.

"ಮುಂದೆ ಎಲ್ಲಿಗೆ ಸಾಮಿ?" ಅಂತ ಕೇಳಿದ ಬೀಡಿಯಣ್ಣ.

"ಸಾಹುಕಾರ್ರ ಮನೆಗೆ. ಅದೇ, ಹೊಲಿಗೆ ಷೆಡ್ಡಿನೋರು. ಒಂದು ಶಾಸ್ತ್ರ ಮುಗಿಸಿ ಬರೋಣ ನಡೀರಿ."

ಸೈರನಕ್ಕನ ಕಡೆ ಮೈದುನ ನೋಡಿದ. ಅವಳು ಸಾಮಾನು ಸಾಗಿಸುವ ಕೈಗಾಡಿಯ ಮೂಕಿ ಎತ್ತಿದಳು.

ರಸ್ತೆ ಅಗಲವಾದಂತೆ ಅಮೀನನ ದನಿ ಕಿರಿದಾಗುತ್ತ ಹೋಯಿತು. ಮರಗಳ ಸಾಲು ಶುರುವಾದಲ್ಲಿ ಬೈಗುಳ ನಿಂತಿತು. ಗೇಟು ಬಂದಾಗ ಬಿಲ್ಲೆಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ, ಮೆಟ್ಟಿಲ ಬಳಿ ಚಪ್ಪಲಿಯನ್ನೂ ಬಿಟ್ಟ. ಒಂದು ಗಂಟೆಯ ಹಿಂದೆ ಬಡವರ ಬಾಗಿಲನ್ನು ಒದ್ದ ಅದೇ ಕಾಲು ಈಗ ಕಾಲೊರಸಿನ ಮೇಲೆ ಬಹಳ ಹೊತ್ತು ಉಜ್ಜಿಕೊಂಡಿತು.

"ಸಾರ್... ಒಳಗೆ ಬರಬಹುದಾ ಸಾರ್?"

"ಓಹೋಹೋ, ಅಮೀನರು! ಬನ್ನಿ, ಬನ್ನಿ. ಅಲ್ಲಿ ಬೇಡ, ಇಲ್ಲಿ ಕೂತ್ಕೊಳ್ಳಿ, ನಮ್ಮಪ್ಪ ಕೂರ್ತಿದ್ದ ಕುರ್ಚಿ."

ಕೆತ್ತನೆಯ ಭಾರಿ ಕುರ್ಚಿ. ಅಮೀನ ಅದರಲ್ಲಿ ಮುಳುಗಿಹೋದ, ಪಾದಗಳು ನೆಲ ಮುಟ್ಟಲಿಲ್ಲ. ಕಾಫಿ ಬಂತು. ಕೂಲಿಯವರು ಜಗಲಿಯಲ್ಲಿ ನಿಂತಿದ್ದರು. ತೆರೆದ ಬಾಗಿಲಿನಿಂದ ಎಲ್ಲವೂ ಕಾಣುತ್ತಿತ್ತು, ಎಲ್ಲವೂ ಕೇಳುತ್ತಿತ್ತು.

"ಅದೇ ಹಳೇ ವಿಷಯ ಸಾರ್" ಅಂದ ಅಮೀನ, ನಾಚಿಕೊಂಡವನಂತೆ.

"ಬರ್ಕೊಳ್ರಿ ಮತ್ತೆ. ಮನೇಲಿ ಯಾರೂ ಇಲ್ಲ." ಹೀಗೆಂದು ಹೇಳಿ, ಮನೆಯಲ್ಲಿಲ್ಲದ ಸಾಹುಕಾರ ಒಳಕ್ಕೆ ಕೂಗಿದ: "ಲೇ ಇವಳೇ, ಅಮೀನರಿಗೆ ಇನ್ನೊಂದು ಲೋಟ ಕಾಫಿ!"

"ತಂದೇ ರೀ" ಅಂದಳು ಮನೆಯಲ್ಲಿಲ್ಲದ ಹೆಂಡತಿ.

ಅಮೀನ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಬರೆದ. ಬರೆದದ್ದನ್ನು ಗಟ್ಟಿಯಾಗಿ ಓದಿದ: "ಕೂಲಿಯವರ ಸಮೇತ ಸ್ಥಳಕ್ಕೆ ಹೋಗಲಾಗಿ, ಮನೆಗೂ ಷೆಡ್ಡಿಗೂ ಬೀಗ ಹಾಕಿದ್ದು, ಮನೆಯಲ್ಲಿ ಯಾರೂ ಇಲ್ಲದ ಕಾರಣ, ವಸ್ತುಗಳು ದೊರೆಯಲಿಲ್ಲ."

ಮನೆಯಲ್ಲಿಲ್ಲದ ಸಾಹುಕಾರ ತೃಪ್ತಿಯಿಂದ ತೇಗಿದ.

"ಸಾಕ್ಷಿಗೆ ಒಬ್ಬರ ಸಹಿ ಬೇಕು ಸಾರ್, ಅಷ್ಟೇ. ಏಯ್, ಬನ್ರೋ ಒಳಗೆ! ಕಾಲು ಒರೆಸ್ಕೊಂಡು ಬನ್ನಿ. ನಿಮ್ಮಲ್ಲಿ ಬರೆಯೋಕೆ ಬರೋದು ಯಾರಿಗೆ?"

ಮೂವರೂ ಸೈರನಕ್ಕನ ಕಡೆ ನೋಡಿದರು.

"ಬಾ ಇಲ್ಲಿ, ಹಾಕು. ಬೀಗ ನೋಡಿದೆ ಅಂತ."

ಅವಳು ಕಾಗದ ಇಸಿದುಕೊಂಡಳು. ನಿಧಾನವಾಗಿ ಓದಿದಳು. ಮೇಲುಗಡೆ, ಆಜ್ಞೆ ಪಡೆದವರ ಸಾಲಿನಲ್ಲಿ, ಮೊದಲನೆಯ ಹೆಸರೇ ಅವಳದು. ಅವಳ ಮಿಷನ್ನು ಸಿಗಲಿಲ್ಲ ಅನ್ನುವುದಕ್ಕೆ ಅವಳದೇ ಸಾಕ್ಷಿ ಕೇಳುತ್ತಿದ್ದರು.

ಅಷ್ಟರಲ್ಲಿ ಸಾಹುಕಾರ ಕನ್ನಡಕ ಸರಿಮಾಡಿಕೊಂಡು ಅವಳ ಮುಖ ನೋಡಿದ. ಹೊಟ್ಟೆ ಕುಲುಕುವಷ್ಟು ನಕ್ಕ.

"ಅಯ್ಯಯ್ಯೋ, ಇವಳಾ! ಅಮೀನರೇ, ಎಲ್ಲಿ ಹಿಡಿದ್ರಿ ಇವಳನ್ನ? ಕಕ್ಕಸಿನ ಮಹಾರಾಣಿ ಇವಳು! ಉಚ್ಚೆ ಹೊಯ್ಯೋಕೆ ಸಿಂಹಾಸನ ಬೇಕಂತ ಕೇಳಿದ್ಲು. ಏನಮ್ಮಾ, ಈಗ ಊರೂರ ಬೀದಿ ನಿಂದೇ ಅಲ್ವಾ? ಎಲ್ಲಿ ಬೇಕಾದ್ರೂ ಕೂತ್ಕೋ!"

ಅಮೀನನಿಗೂ ನಗು ಬಂತು. ನಗುವಿನ ನಡುವೆ ಅವನಿಗೆ ಕಾಗದದ ನೆನಪಾಗಿ ಕೈ ಚಾಚಿದ. "ಸರಿ ಸರಿ, ಸಹಿ ಹಾಕು. ಕೂಲಿ ಬೇಕೋ ಬೇಡ್ವೋ?"

"ಸಾಮಿ, ಇದರಲ್ಲಿ ಬರೆದಿರೋದು ನಿಜವಾ?"

"ಕೋರ್ಟು ಬರೆದದ್ದು ಸುಳ್ಳಾಗುತ್ತೇನೇ, ಹಲ್ಕಟ್ ಮುಂಡೇದೇ?"

"ಹಂಗಾದ್ರೆ ಮನೇಲಿ ಯಾರೂ ಇಲ್ಲ."

"ಯಾರೂ ಇಲ್ಲ."

"ಸರಿ" ಅಂದಳು ಸೈರನಕ್ಕ. ಕಾಗದವನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು. ಬಾಗಿ, ಕುರ್ಚಿಯ ಮುಂದಿನ ಬಲಗಾಲಿಗೆ ಕೈ ಕೊಟ್ಟಳು. ಬೀಡಿಯಣ್ಣ ಅವಳ ಮುಖವನ್ನೊಮ್ಮೆ ನೋಡಿ, ಬಾಯಲ್ಲಿದ್ದ ಮೋಟುಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಎಡಗಾಲು ಹಿಡಿದ. ಹಿಂದಿನ ಎರಡಕ್ಕೆ ಉದ್ದಪ್ಪ ಮತ್ತು ಮೈದುನ.

"ಏಯ್, ಏನ್ರೋ ಇದು?"

"ಐಸಾ!"

ಆ ಕೂಗಿಗೆ ಗಾಜಿನ ಕಪಾಟು ಕಿರ್‍ರೆಂದಿತು. ಕೋರ್ಟು ನೆಲ ಬಿಟ್ಟು ಮೇಲೆದ್ದು, ಹೆಗಲುಗಳ ಮೇಲೆ ಕೂತಿತು. ಕಾಫಿ ಲೋಟ ಅವನ ಕೈಯಲ್ಲೇ ಇತ್ತು.

"ಇಳಿಸ್ರೋ! ಬೋಳಿಮಕ್ಕಳಾ, ಇಳಿಸ್ರೋ!"

ಇಳಿಸು ಅಂತ ಹೊತ್ತವರಿಗೆ ಹೊರಗಿನವರು ಯಾರೇ ಹೇಳಲಿ, ಅವರು ಕೇಳುವುದಿಲ್ಲ. ಒಬ್ಬ ಮೊದಲು ಬಿಟ್ಟರೆ ಇನ್ನೊಬ್ಬನ ಪಾದ ಪುಡಿ. ಎತ್ತು ಅಂದ ಬಾಯೇ ಇಳಿಸು ಅನ್ನಬೇಕು. ಆ ಬಾಯಿ ಈಗ ಬೇರೆ ಮಾತಾಡುತ್ತಿತ್ತು: "ಮೆಟ್ಟಿಲು ನೋಡ್ಕೊಳ್ರಪ್ಪೋ, ಎಡಕ್ಕೆ, ಎಡಕ್ಕೆ..."

"ಕಳ್ಳಮುಂಡೇವಾ, ನಮ್ಮಪ್ಪನ ಕುರ್ಚಿ!" ಸಾಹುಕಾರ ಬಾಗಿಲಿಗೆ ಅಡ್ಡ ಬಂದು ನಿಂತ.

"ಅತ್ತಿಗೇ, ಯಾರೋ ಅಡ್ಡ ನಿಂತವ್ರೆ" ಅಂದ ಮೈದುನ.

"ಯಾರೂ ಇಲ್ಲ ಕಣೋ, ನಡಿ. ಬರೆದೇ ಬಿಟ್ಟಿದ್ದಾರಲ್ಲ."

ಕುರ್ಚಿಯ ಕಾಲು ಎದೆಗೆ ತಾಗುವ ಹೊತ್ತಿಗೆ ಮನೆಯಲ್ಲಿಲ್ಲದವನು ಪಕ್ಕಕ್ಕೆ ಸರಿದ.

ಬೀದಿಯಲ್ಲಿ ಅಂಗಡಿಯವರು ಎದ್ದು ನಿಂತರು. ಕಾಫಿ ಅಮೀನನ ಅಂಗಿಯ ಮೇಲೆಲ್ಲ ಚೆಲ್ಲಿತ್ತು. ಮೊದಮೊದಲು ಬೈದ, ಆಮೇಲೆ ಜೈಲು ಅಂದ, ಆಮೇಲೆ ಅಮ್ಮಾ ತಾಯೀ ಅಂದ. "ಏನಪ್ಪಾ ಇದು ಮೆರವಣಿಗೆ?" ಅಂತ ಕೇಳಿದವರಿಗೆ ಬೀಡಿಯಣ್ಣ, "ಕೋರ್ಟು ಸ್ಥಳ ನೋಡೋಕೆ ಹೊರಟಿದೆ, ಕಾಲು ನೋಯುತ್ತಂತೆ" ಅನ್ನುತ್ತಿದ್ದ. ಸೈರನಕ್ಕ ಅಷ್ಟೂ ದೂರ ಹೊಲಿಗೆಯವರ ಮನೆಗಳ ಕಡೆ ಮುಖ ಮಾಡಿ ಕೂಗುತ್ತ ನಡೆದಳು. ಒಬ್ಬೊಬ್ಬಳೇ ಹೊರಬಂದಳು. ಒಬ್ಬಳ ಕೈಯಲ್ಲಿ ಪೊರಕೆ, ಇನ್ನೊಬ್ಬಳ ಸೊಂಟದಲ್ಲಿ ಕೂಸು. ಎಲ್ಲರೂ ಕುರ್ಚಿಯ ಹಿಂದೆ ಹೆಜ್ಜೆ ಹಾಕಿದರು.

ಷೆಡ್ಡಿನ ಮುಂದೆ ಬಂದು ನಿಂತರು. ಬಿಸಿಲಿಗೆ ತಗಡು ಕಾದು ಚಟಚಟ ಅನ್ನುತ್ತಿತ್ತು. ಬಾಗಿಲ ಸಂದಿಯಲ್ಲಿ ಕಣ್ಣಿಟ್ಟ ಒಬ್ಬಳು, "ಇವೆ ಕಣ್ರೇ! ನಂದು ಕಾಣ್ತಿದೆ, ಧೂಳು ಹಿಡಿದಿದೆ ಅಷ್ಟೇ!" ಅಂತ ಕಿರುಚಿದಳು.

"ಇಳಿಸಮ್ಮಾ, ನಿನ್ನ ದಮ್ಮಯ್ಯ" ಅಂದ ಅಮೀನ ಮೇಲಿನಿಂದ. "ತಲೆ ಸುತ್ತುತ್ತೆ."

"ಬೀಗ ಒಡೀರಿ ಅಂತ ಹೇಳಿ ಸಾಮಿ, ಇಳಿಸ್ತೀವಿ. ನೀವು ಹೇಳದೆ ಒಡೆದ್ರೆ ಅದು ಕಳ್ಳತನ. ನೀವು ಹೇಳಿದ್ರೆ ಕೋರ್ಟು."

ಅಮೀನ ಬೀದಿಯ ತುದಿಯ ಕಡೆ ನೋಡಿದ. ಸಾಹುಕಾರ ಫೋನು ಮಾಡಿದ್ದಿರಬೇಕು, ಪೊಲೀಸು ಜೀಪು ಜನರ ನಡುವೆ ಹಾರ್ನು ಹೊಡೆಯುತ್ತ, ಇಷ್ಟಿಷ್ಟೇ ಮುಂದೆ ಬರುತ್ತಿತ್ತು. ಅವನ ಕಣ್ಣಿನಲ್ಲಿ ಆಸೆ ಮೂಡಿದ್ದು ಕೆಳಗಿದ್ದವರಿಗೂ ಕಂಡಿತು. ತುಟಿ ಬಿಗಿದುಕೊಂಡ.

"ಅತ್ತಿಗೇ, ಹೆಗಲು ಸೋಲ್ತಾ ಇದೆ" ಅಂದ ಮೈದುನ ಮೆಲ್ಲಗೆ.

"ಸೋಲಲಿ."

ಪೊರಕೆ ಹಿಡಿದವಳು ಪೊರಕೆ ಬಿಸಾಕಿ, ಮೈದುನನ ಹೆಗಲ ಪಕ್ಕ ತನ್ನ ಹೆಗಲು ತೂರಿಸಿದಳು. ಕೂಸನ್ನು ಕೆಳಗಿಳಿಸಿ ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಬಂದಳು. ಒಂದೊಂದು ಕಾಲಿನ ಕೆಳಗೆ ಎರಡೆರಡು ತಲೆ. ಕುರ್ಚಿ ಗೇಣುದ್ದ ಇನ್ನೂ ಮೇಲಕ್ಕೆ ಹೋಯಿತು. ಅಮೀನ ಎರಡೂ ಕೈಗಳಿಂದ ಹಿಡಿಕೆಗಳನ್ನು ಅವುಚಿಕೊಂಡ. ಲೋಟ ಕೈಜಾರಿ ಕಲ್ಲಿನ ಮೇಲೆ ಠಣ್ಣೆಂದು ಬಿತ್ತು. ಜೀಪಿನ ಬಾಗಿಲು ತೆರೆದುಕೊಂಡಿತು, ಬೂಟುಗಳು ಕೆಳಗಿಳಿದವು.

"ಏಯ್, ಇಳಿಸ್ರೋ ಅವರನ್ನ!" ಅಂತ ಲಾಠಿಯೊಂದು ಗದರಿತು.

ಹೊತ್ತವರು ಯಾರೂ ಅಲುಗಲಿಲ್ಲ. ಸೈರನಕ್ಕನ ಬಾಯಿ ನೋಡುತ್ತಿದ್ದರು. ಅವಳು ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡೇ ಇದ್ದಳು.