ಹೊರೆ ಇಳಿಸಿ ಮಾತಾಡಿ

ಎತ್ತಿದ ಮೇಲೆ ಮಾತಿಲ್ಲ. ಕೊಸರಾಡುವುದು, ಕಿರುಚಾಡುವುದು, ಮುಖ ತಿರುಗಿಸಿಕೊಂಡು ಮನೆಗೆ ಹೋಗುವುದು, ಎಲ್ಲ ಸಾಮಾನು ನೆಲದ ಮೇಲಿರುವಾಗಲೇ ಮುಗಿಯಬೇಕು. ಎತ್ತಿದೆವೋ, ಅಲ್ಲಿಂದ ಮುಂದೆ ಕೆಳಗಡೆ ಹಿಡಿದವಳೊಬ್ಬಳೇ ಬಾಯಿ ಬಿಡುವುದು. ಭಾರ ಅವಳ ಮೇಲೆ, ಅದಕ್ಕೇ ಅಪ್ಪಣೆಯೂ ಅವಳದೇ. ಮೇಲಿನವಳು ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು. ಹೊರುವವರಿಗೆಲ್ಲ ಇದು ಗೊತ್ತು. ಹೊರಿಸುವವರಿಗೂ ಗೊತ್ತು, ಅದಕ್ಕೇ ಕೆಲವರು ಹೊಂಚು ಹಾಕುತ್ತಾರೆ.

ಮರದ ಸಾಮಾನಿನ ಅಂಗಡಿಯ ಒಬ್ಬ ಯಜಮಾನ ಹೊಂಚು ಹಾಕಿದ್ದ. ತನ್ನ ಮೂರನೇ ಮಹಡಿಯ ಮನೆ ಖಾಲಿ ಮಾಡುತ್ತಿದ್ದವನು ನನ್ನನ್ನೂ ನನ್ನ ನಾದಿನಿಯನ್ನೂ ಕರೆಸಿದ. ಕೋಣೆಯಲ್ಲಿದ್ದ ಕನ್ನಡಿ ಬಾಗಿಲಿನ ಬೀರುವನ್ನು ಒಂದು ಗೀರೂ ಬೀಳದಂತೆ ಇಳಿಸಿ ತೋರಿಸಿದರೆ, ಅಂಗಡಿಯ ಹೊರುವ ಕೆಲಸವೆಲ್ಲ ನಮಗೆ. ಕೂಲಿ ಗಂಡಾಳಿನಷ್ಟೇ. ಅವನ ಕೋಣೆಯಲ್ಲೇ ನಿಂತು ಆದ ಮಾತು ಇದು.

ನಾದಿನಿ ಗಂಡನ ಮನೆ ಬಿಟ್ಟು ಬಂದು ನಮ್ಮ ಅಡುಗೆಮನೆಯಲ್ಲಿ ಮಲಗುತ್ತಿದ್ದಳು. ಈ ಕೆಲಸ ಸಿಕ್ಕರೆ ಒಂದು ಕೋಣೆ ಹಿಡಿಯಬಹುದು, ಬಾಗಿಲಿಗೆ ತನ್ನದೇ ಬೀಗ ಹಾಕಬಹುದು. ಅವಳಿಗೆ ಬೇಕಿದ್ದದ್ದು ಅಷ್ಟೇ.

ನಾನು ಕೆಳಗೆ, ಅವಳು ಮೇಲೆ, ಅವಳ ಬೆನ್ನ ಹಿಂದೆ ಯಜಮಾನ. ಹೀಗೆ ಹೊರಟೆವು.

"ಭಾರ ಆಯ್ತೇನೇ?" ಅಂದೆ.

"ನಮ್ಮಣ್ಣನ್ನ ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸೋದಕ್ಕಿಂತ ಹಗುರ ಅತ್ತಿಗೆ."

ಎರಡನೇ ಮಹಡಿಯ ಹತ್ತಿರ ಮೆಟ್ಟಿಲು ತಿರುಗುತ್ತದೆ. ಅಂಥ ತಿರುವಿನಲ್ಲಿ ಗೋಡೆಯ ಜೊತೆಗೂ ಚೌಕಾಸಿ ಮಾಡಬೇಕು. ಬೀರುವಿನ ತಲೆ ಒಂದಿಷ್ಟು ಓರೆ ಮಾಡಿದರೆ ಗೋಡೆ ಒಂದಿಷ್ಟು ಜಾಗ ಬಿಡುತ್ತದೆ. ಅದರ ಕಾಲು ಎತ್ತಿದರೆ ಮೆಟ್ಟಿಲ ಪಕ್ಕದ ಕಟಕಟೆ ಬಿಡುತ್ತದೆ. ಅವಸರ ಮಾಡಿದರೆ ಎರಡೂ ಕೈ ಕೊಡುತ್ತವೆ. ಪೂರ್ತಿ ಭಾರ ನನ್ನ ಎದೆಗೆ ಒರಗಿ ಉಸಿರು ಸಿಕ್ಕಿಕೊಂಡ ಗಳಿಗೆ ನೋಡಿ ಯಜಮಾನ ಗಂಟಲು ಸರಿ ಮಾಡಿಕೊಂಡ.

"ಅಲ್ಲಮ್ಮಾ, ಆ ಕೂಲಿ ವಿಷಯ. ಎಷ್ಟಾದರೂ ಹೆಣ್ಣಾಳು. ಗಂಡಸರದ್ದರಲ್ಲಿ ಮುಕ್ಕಾಲು ಪಾಲು ಅಂತ ಇಟ್ಕೊಳ್ಳೋಣ. ಏನಂತೀರಿ?"

"ಇಳಿಸು," ಅಂದೆ.

ತಿರುವಿನಲ್ಲೇ ಇಳಿಸಿದೆವು. ಮೆಟ್ಟಿಲಿಗೆ ಬಿರಡೆ ಹಾಕಿದ ಹಾಗಾಯಿತು. ಅವನಿಗೆ ಕೆಳಗೆ ಬರಲು ದಾರಿಯಿಲ್ಲ.

"ಇದೇನು? ಕೆಳಗೆ ಲಾರಿಯವನು ಕಾಯ್ತಿದಾನೆ! ಮೊದಲು ಎತ್ತಿ, ಆಮೇಲೆ ಮಾತು."

"ನೀವು ಎತ್ತಿಸಿ ಮಾತಾಡ್ತೀರಿ ಯಜಮಾನ್ರೇ. ನಾವು ಇಳಿಸಿ ಮಾತಾಡೋ ಜನ."

"ಮುಕ್ಕಾಲೇನು ಕಮ್ಮಿನಾ? ನಿಮ್ಮಂಥವರಿಗೆ ಬೇರೆ ಯಾರು ಕೊಡ್ತಾರೆ?"

ಬೀರುವಿನ ಮೇಲಿಂದ ನಾದಿನಿಯ ಮುಖ ಮಾತ್ರ ಕಾಣುತ್ತಿತ್ತು. ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು. "ಅತ್ತಿಗೆ," ಅಂದಳು ಸಣ್ಣಗೆ, "ಒಪ್ಪಿಕೊಂಡುಬಿಡು. ಮುಕ್ಕಾಲಲ್ಲೂ ಸಣ್ಣದೊಂದು ಕೋಣೆ ಸಿಗುತ್ತೆ."

ನನ್ನ ಬಾಯಲ್ಲಿ ಬೈಗುಳ ತುಂಬಿತ್ತು, ನುಂಗಿಕೊಂಡೆ. ಕೋಣೆ ಅವಳದು. ನಾನು ಬೈದು ಕೆಡಿಸಿದರೆ ಮತ್ತೆ ಅಡುಗೆಮನೆಯ ನೆಲದ ಮೇಲೆ ಮಲಗುವವಳು ಅವಳು. "ನೀನೇ ಹೇಳೇ," ಅಂದೆ. "ನೀನು ಹೂಂ ಅಂದರೆ ನಾನೂ ಹೂಂ."

ಅವಳು ಬಾಯಿ ತೆರೆಯುವಷ್ಟರಲ್ಲಿ ಯಜಮಾನ ನಕ್ಕು ಅವಳ ಬೆನ್ನು ತಟ್ಟಿದ. "ಹಾಗೆ ಬಾ ದಾರಿಗೆ. ಗಂಡನ್ನ ಬಿಟ್ಟವಳಿಗೆ ಹಟ ಶೋಭಿಸುತ್ತಾ?"

ನಾದಿನಿಯ ಮುಖ ಕೆಂಪಾಯಿತು. ಬಗ್ಗಿ ಬೀರುವಿನ ಅಂಚು ಹಿಡಿದಳು.

"ಅತ್ತಿಗೆ, ಎತ್ತು. ಮೇಲಕ್ಕೆ."

ಮೇಲಿನವಳು ಅಪ್ಪಣೆ ಕೊಡುವುದು ಪದ್ಧತಿಯಲ್ಲ. ಅವತ್ತು ಕೊಟ್ಟಳು, ನಾನು ಕೇಳಿದೆ. ಹತ್ತಿಸುವುದು ಇಳಿಸುವುದಕ್ಕಿಂತ ಕಷ್ಟ, ಅದರಲ್ಲೂ ಕೆಳಗಿರುವವಳ ಸೊಂಟ ಬೀಳುತ್ತದೆ. ಬಿದ್ದರೆ ಬೀಳಲಿ ಅಂತ ನೂಕಿದೆ. ಯಜಮಾನ ಹಿಂದಹಿಂದಕ್ಕೆ ಹತ್ತುತ್ತ ಬಡಬಡಿಸತೊಡಗಿದ. "ಏ, ಏ! ಎಲ್ಲಿಗೆ? ಸರಿ, ಇನ್ನೊಂದು ಚೂರು ಸೇರಿಸ್ತೀನಿ. ಆಯ್ತು, ಗಂಡಾಳಿನಷ್ಟೇ ಕೊಡ್ತೀನಿ, ನಿಲ್ಲಿಸಿ!" ನಾವು ತುಟಿ ಬಿಚ್ಚಲಿಲ್ಲ. ಹೊರೆ ಕೈಯಲ್ಲಿತ್ತಲ್ಲ.

ಕೋಣೆಯಲ್ಲಿ, ಮೊದಲಿದ್ದ ಜಾಗದಲ್ಲೇ, ಗೋಡೆಗೆ ಒರಗಿಸಿ ನಿಲ್ಲಿಸಿದೆವು. ನಾದಿನಿ ಸೆರಗಿನಿಂದ ಕನ್ನಡಿಯ ಮೇಲಿನ ಕೈಗುರುತು ಬೇರೆ ಒರೆಸಿದಳು.

"ಗೀರು ಬಿದ್ದಿದೆಯಾ ನೋಡ್ಕೊಳ್ಳಿ."

"ಇಲ್ಲಮ್ಮ. ಗಂಡಾಳಿನಷ್ಟೇ ಅಂದೆನಲ್ಲ, ನಡೀರಿ, ಲಾರಿಯವನು ಹೊರಟುಬಿಡ್ತಾನೆ."

"ಅದು ಬೆಳಗ್ಗಿನ ಮಾತು. ನೀವೇ ಮುರಿದ್ರಿ. ಈಗ ನಂದು ಕೇಳಿ. ಗಂಡಾಳಿನಷ್ಟು, ನಮ್ಮಿಬ್ಬರಿಗೂ. ಒಂದು ತಿಂಗಳದ್ದು ಮುಂಗಡ. ನನ್ನ ಗಂಡನ ವಿಷಯ ನಿಮ್ಮ ಬಾಯಲ್ಲಿ ಇನ್ನೊಂದು ಸಲ ಬರಕೂಡದು."

"ಮುಂಗಡವಾ? ತಲೆ ಕೆಟ್ಟಿದೆಯಾ ನಿಂಗೆ?"

"ಬಾ ಅತ್ತಿಗೆ."

ಬರಿಗೈಯಲ್ಲಿ ಮೆಟ್ಟಿಲು ಇಳಿದೆವು. ಕೆಲಸ ಹೋಯಿತು, ಕೋಣೆಯೂ ಹೋಯಿತು ಅಂದುಕೊಂಡೆ. "ನಿಧಾನಕ್ಕೆ ಇಳಿಯೋಣವೇನೇ?" ಅಂದೆ. "ನಿಂಗೆ ಸೊಂಟ ನೋವಿದ್ರೆ ನಿಧಾನಕ್ಕೆ ಇಳಿ. ಅವನಿಗೋಸ್ಕರ ಬೇಡ," ಅಂದಳು.

ಬೀದಿಗೆ ಬಂದಾಗ ಲಾರಿಯವನು ಹಾರನ್ ಬಾರಿಸುತ್ತಿದ್ದ. ಹಿಂದೆಯೇ ಚಪ್ಪಲಿಯ ಪಟಪಟ ಸದ್ದು. ಯಜಮಾನ ಏದುಸಿರು ಬಿಡುತ್ತ ಬಂದು ನಾದಿನಿಯ ಮುಂದೆ ನಿಂತ.

"ಅರ್ಧ ತಿಂಗಳದ್ದು ಮುಂಗಡ ಕೊಡ್ತೀನಿ. ಉಳಿದದ್ದಕ್ಕೆಲ್ಲ ಒಪ್ಪಿದೆ. ಈಗ ಬಾರಮ್ಮ, ತಾಯಿ."

ಅವಳು ಲಾರಿಯ ನೆರಳಿನಲ್ಲಿ ಕಲ್ಲಿನ ಮೇಲೆ ಕೂತು, ಕಾಲು ನೀಡಿ, ಸೆರಗಿನಿಂದ ಗಾಳಿ ಹಾಕಿಕೊಂಡಳು.

"ಕೂತ್ಕೊಳ್ಳಿ ಯಜಮಾನ್ರೇ," ಅಂದಳು. "ಪೂರ್ತಿ ತಿಂಗಳದ್ದು ಅಂದೆ. ಅಲ್ಲಿಂದ ಶುರು ಮಾಡೋಣ."