ಮೂರನೆಯ ವಾಕ್ಯ

ಮಿನ್ ಸಾಹೇಬರಿಗೆ ಇಂಗ್ಲಿಷ್ ಕಲಿಸುವುದು ವೆನಿಟಾಳ ಕೆಲಸವೇನೂ ಆಗಿರಲಿಲ್ಲ. ಆದರೆ ದೋಹಾದ ಆ ಕೊರಿಯನ್ ಕಟ್ಟಡ ಕಂಪನಿಗೆ ಅವರು ಮ್ಯಾನೇಜರು, ಶಿರ್ವದಿಂದ ಬಂದ ಇವಳು ಸೆಕ್ರೆಟರಿ. ಊಟದ ಬಿಡುವಿನಲ್ಲಿ ದಿನಕ್ಕೊಂದು ಪದ ಕಲಿಸು ಎಂದಾಗ ಒಲ್ಲೆ ಎನ್ನಲಾಗಲಿಲ್ಲ. ನಿಯಮ ಮಾತ್ರ ಅವಳದೇ, ಊರಿನ ಶಾಲೆಯಲ್ಲಿ ಸಿಸ್ಟರ್ ಹಾಕಿಕೊಟ್ಟದ್ದು: ಹೊಸ ಪದಕ್ಕೆ ಮೂರು ಸ್ವಂತ ವಾಕ್ಯ ಬರೆದು, ಎದ್ದು ನಿಂತು ಗಟ್ಟಿಯಾಗಿ ಓದಬೇಕು. ಐವತ್ತು ದಾಟಿದ ಮಿನ್ ಕೋಟಿನ ಗುಂಡಿ ಹಾಕಿಕೊಂಡು ಶ್ರದ್ಧೆಯಿಂದ ಓದುತ್ತಿದ್ದರು. ನೋಡಿ ನೋಡಿ ಅವಳಿಗೆ ಅವರ ಮೇಲೆ ಅಕ್ಕರೆಯೇ ಹುಟ್ಟಿತ್ತು.

ಆ ದಿನ ಪದವನ್ನು ಅವರೇ ಹುಡುಕಿ ತಂದಿದ್ದರು: ಡಿಸ್‌ಕ್ಲೇಮ್.

"ಇದರ ಹೊಣೆ ನನ್ನದಲ್ಲ ಅಂತ ಹೇಳಿ ಕೈ ತೊಳೆದುಕೊಳ್ಳುವುದು," ಎಂದಳು.

"ಕೊರಿಯನ್ನಿನಲ್ಲಿ ಮೊದಲು ಹೊಣೆ ಅನ್ನುವ ಮಾತು ಬಾಯಿಂದ ಬರಬೇಕು, ಆಮೇಲೆ ಇಲ್ಲ ಅನ್ನಬೇಕು. ಇಂಗ್ಲಿಷೇ ಸುಲಭ," ಎಂದು ಮಿನ್ ನಕ್ಕರು.

ಮೊದಲ ವಾಕ್ಯ ಹೋಟೆಲಿನಲ್ಲಿ ಕಳೆದುಹೋದ ಪೆಟ್ಟಿಗೆಯದು, ಎರಡನೆಯದು ಮಾಲಿನ ಪಾರ್ಕಿಂಗಿನಲ್ಲಿ ಗೀರು ಬಿದ್ದ ಕಾರಿನದು. ಮೂರನೆಯದನ್ನೂ ಅದೇ ದನಿಯಲ್ಲಿ ಓದಿದರು: "ಕೆಲಸಗಾರ ಅನ್ಸಾಫ್ ತನ್ನಿಷ್ಟದಿಂದ ತಾರಸಿ ಹತ್ತಿದ. ಅವನ ಗಾಯದ ಹೊಣೆ ಕಂಪನಿಯದಲ್ಲ." ಓದಿ, ಪುಸ್ತಕ ಅವಳತ್ತ ತಳ್ಳಿದರು. "ಸರಿಯಿದ್ದರೆ ಇದನ್ನೇ ಕಂಪನಿಯ ಪತ್ರವಾಗಿ ಟೈಪ್ ಮಾಡು."

ವೆನಿಟಾಳ ಮೈಯೆಲ್ಲ ಉರಿದುಹೋಯಿತು. ಹೋದ ವಾರ ತಾರಸಿಯಿಂದ ಬಿದ್ದಿದ್ದ ಉಳ್ಳಾಲದ ಅನ್ಸಾಫ್ ಬೆಳಿಗ್ಗೆಯಷ್ಟೇ ಆಸ್ಪತ್ರೆಯಿಂದ ಫೋನ್ ಮಾಡಿದ್ದ. "ವೆನಿಟಕ್ಕ, ನಾನೇ ಹತ್ತಿದ್ದು ಅಂತ ಬರೆದ್ರೆ ಪರಿಹಾರವೂ ಮಾಫಿ, ಎಂತದೂ ಇಲ್ಲ. ಸೊಂಟ ಮುರ್ಕೊಂಡು ಊರಿಗೆ ಹೋಗಿ ನಾನು ಎಂತ ಮಾಡುದು?" ಜುಲೈ ತಿಂಗಳು, ಅಲ್ಲಿನ ಕಾನೂನಿನಂತೆ ಹತ್ತರಿಂದ ಮೂರೂವರೆಯವರೆಗೆ ಯಾರನ್ನೂ ಬಿಸಿಲಲ್ಲಿ ದುಡಿಸುವಂತಿಲ್ಲ. ಹನ್ನೆರಡಕ್ಕೆ ಅವನನ್ನು ಮೇಲೆ ಕಳಿಸು ಎಂದವರು ಮಿನ್. ಮೇಸ್ತ್ರಿಗೆ ಆ ಮೆಸೇಜು ಟೈಪ್ ಮಾಡಿದ್ದು ಇವಳ ಬೆರಳು.

"ತಪ್ಪಿದೆಯೇ?" ಎಂದು ಮಿನ್ ಕೇಳಿದರು.

"ಇಂಗ್ಲಿಷ್ ಸರಿಯಾಗಿದೆ ಸರ್, ಹೇಳಿದ್ದು ಸುಳ್ಳು. ನಾನು ಟೈಪ್ ಮಾಡುವುದಿಲ್ಲ."

"ಮುಂದಿನ ತಿಂಗಳು ನಿನ್ನ ಕಾಂಟ್ರಾಕ್ಟ್ ಮುಗಿಯುತ್ತದೆ."

"ಮುಗಿಯಲಿ. ಖಲಾಸ್."

"ಮೆಸೇಜು ಹೋದದ್ದು ನಿನ್ನ ಫೋನಿನಿಂದ. ನೀನೂ ಸಿಕ್ಕಿಬೀಳುತ್ತೀ."

ನಿಜವೇ. ಆ ಹೆದರಿಕೆಗೇ ಅವಳು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ, ಈಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಪುಸ್ತಕ ಎಳೆದುಕೊಂಡು ಅವರ ವಾಕ್ಯದ ಕೆಳಗೆ ತನ್ನದನ್ನು ಬರೆದಳು. ಕ್ಯಾಬಿನ್ನಿನ ಬಾಗಿಲು ಪೂರ್ತಿ ತೆರೆದಿಟ್ಟು, ನಿಯಮದಂತೆ ನಿಂತು ಗಟ್ಟಿಯಾಗಿ ಓದಿದಳು: "ಉರಿಬಿಸಿಲಿನಲ್ಲಿ ಅನ್ಸಾಫನನ್ನು ತಾರಸಿ ಹತ್ತಿಸಿದ್ದು ಮಿನ್ ಸಾಹೇಬರ ಆದೇಶ. ಟೈಪ್ ಮಾಡಿ ಕಳಿಸಿದವಳು ನಾನು. ನನ್ನ ಪಾಲಿನ ಹೊಣೆ ನನ್ನದು."

ಹೊರಗಿನ ಕೀಬೋರ್ಡುಗಳ ಸದ್ದು ನಿಂತಿತು. ಮಿನ್ ಸಾಹೇಬರ ಮುಖ ಕೆಂಪೇರಿತು.

ವೆನಿಟಾ ಆ ಹಾಳೆ ಹರಿದು ಬ್ಯಾಗಿಗೆ ಹಾಕಿಕೊಂಡಳು. "ಇದನ್ನೂ ಮೆಸೇಜನ್ನೂ ಕಾರ್ಮಿಕ ಇಲಾಖೆಗೆ ಕೊಟ್ಟು ಬರುತ್ತೇನೆ. ಅಷ್ಟರಲ್ಲಿ ನಿಮ್ಮ ಮೂರನೆಯ ವಾಕ್ಯ ಹೊಸದಾಗಿ ಬರೆದಿಡಿ ಸರ್. ಕೊರಿಯನ್ನಿನಲ್ಲೇ ಬರೆಯಿರಿ. ಅಲ್ಲಿ ಹೊಣೆ ಅನ್ನುವ ಮಾತು ಮೊದಲು ಬರುತ್ತದಲ್ಲ, ಅದನ್ನು ಬರೆದು ಅಲ್ಲಿಗೇ ನಿಲ್ಲಿಸಿ."