ಪರೀಕ್ಷೆಗೆ ಬೇರೆ ದಾರಿ

ದೂರಸಂಪರ್ಕ ಆಯೋಗದ ವಿಚಾರಣೆಯ ಹಾಲ್‌ನಲ್ಲಿ ಮೊದಲ ಸಾಲು ಅತ್ತಿಗೆಯದು. ಅವರ ಪಕ್ಕದಲ್ಲಿ ಮೈದುನ. ಮನೆಮನೆಗೆ ಇಂಟರ್ನೆಟ್ ಎಳೆದುಕೊಡುವ ಅವನನ್ನು ಬಡಾವಣೆಯೆಲ್ಲ ತಂತಿ ಎಂದೇ ಕರೆಯುತ್ತಿತ್ತು. ಅವನು ಮೊದಲ ಕಂಬ ಹತ್ತಿದಾಗ ಕೆಳಗೆ ಏಣಿ ಹಿಡಿದು ನಿಂತವರೂ ಅತ್ತಿಗೆಯೇ.

ಯಾರ ವಿಡಿಯೊ, ಯಾರ ಪಾಠ ಎಂದು ನೋಡದೆ ಎಲ್ಲವನ್ನೂ ಒಂದೇ ಸಮನಾಗಿ ಸಾಗಿಸಬೇಕು, ಉಳ್ಳವರಿಗೊಂದು ದಾರಿ ಇಲ್ಲದವರಿಗೊಂದು ದಾರಿ ಕೂಡದು ಎಂಬ ನಿಯಮಕ್ಕಾಗಿ ತಂತಿ ಬೀದಿಯಲ್ಲಿ ನಿಂತು ಗಂಟಲು ಹರಿದುಕೊಂಡಿದ್ದ. ನಿಯಮ ಬಂತು. ಅವನ ಲೈನ್ ಮಾತ್ರ ಅಗಲವಾಗಲಿಲ್ಲ. ಸಂಜೆ ಎಲ್ಲ ಮನೆಗಳಲ್ಲೂ ಒಟ್ಟಿಗೆ ಇಂಟರ್ನೆಟ್ ತೆರೆದರೆ ಅದಕ್ಕೆ ಉಸಿರುಕಟ್ಟುತ್ತಿತ್ತು. ಹೆಚ್ಚು ಕೊಡಿ ಎಂದು ಕೇಳಬೇಕಾದದ್ದು ಅವನಿಗೆ ಇಂಟರ್ನೆಟ್ ಸಗಟಾಗಿ ಮಾರುವ ದೊಡ್ಡ ಕಂಪನಿಯನ್ನೇ. ಆ ಕಂಪನಿ ಅದೇ ಬೀದಿಗಳಲ್ಲಿ ಅವನ ಗಿರಾಕಿಗಳಿಗೆ ಬಲೆ ಬೀಸುತ್ತಿತ್ತು. ಆಯೋಗಕ್ಕೆ ಒಪ್ಪಿಸುವ ವರದಿಗಳು ಇಬ್ಬರಿಗೂ ಒಂದೇ. ಕಂಪನಿಯಲ್ಲಿ ಅವನ್ನು ಬರೆಯಲು ಒಂದು ಮಹಡಿ ತುಂಬ ವಕೀಲರು, ಇಲ್ಲಿ ಕಂಬದಿಂದ ಇಳಿದು ಕೈ ತೊಳೆದು ಬರುವ ತಂತಿ.

ಇದೆಲ್ಲ ಅನ್ಯಾಯವೇ. ಆದರೆ ಅವನು ಮಾಡಿದ್ದನ್ನು ಮಾಡು ಎಂದು ಯಾವ ಅನ್ಯಾಯವೂ ಹೇಳಿರಲಿಲ್ಲ.

ಜನ ವೇಗ ಅಳೆಯುವುದು ಫೋನಿನ ಒಂದು ಆ್ಯಪ್‌ನಿಂದ. ಒತ್ತಿದರೆ ಮುಳ್ಳು ಓಡುತ್ತದೆ. ಆ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಸಾಗಿಸು ಎಂದು ತಂತಿ ಲೈನ್ ನಡೆಸುವ ತನ್ನ ಯಂತ್ರಕ್ಕೆ ಹೇಳಿಟ್ಟಿದ್ದ. ಬೀದಿಯೇ ಸ್ತಬ್ಧವಾಗಿದ್ದರೂ ಮುಳ್ಳು ತುದಿ ಮುಟ್ಟುತ್ತಿತ್ತು.

ಅತ್ತಿಗೆ ವಿಡಿಯೊದಲ್ಲಿ ಹೊಲಿಗೆ ಕಲಿಸುತ್ತಿದ್ದರು. ರವಿಕೆಯ ಕತ್ತಿನ ಭಾಗ ಕತ್ತರಿಸುವ ಹೊತ್ತಿಗೇ ಚಿತ್ರ ನಿಂತುಬಿಡುತ್ತಿತ್ತು. ಕತ್ತರಿ ಬಾಯಿ ತೆರೆದುಕೊಂಡೇ ಇರುತ್ತಿತ್ತು. ಕಲಿಯುವವರು ಒಬ್ಬೊಬ್ಬರೇ ಕಳಚಿಕೊಂಡರು.

"ನಿನ್ ಲೈನ್ ಚಿನ್ನ ಕಣೋ, ಮುಳ್ಳೇ ಹೇಳುತ್ತೆ," ಎಂದಿದ್ದರು ಅತ್ತಿಗೆ. "ಆ ಕಂಪನಿಯವರೇ ನನ್ ಪಾಠಕ್ಕೆ ಅಡ್ಡಗಾಲು ಹಾಕ್ತಿರೋದು."

"ಇರಬಹುದು ಅತ್ತಿಗೆ," ಎಂದಿದ್ದ.

ಆ ಒಂದು ಮಾತನ್ನು ನಂಬಿ ಅವರು ಬಾಗಿಲು ಬಾಗಿಲು ತಟ್ಟಿ ಸಹಿ ಹಾಕಿಸಿ ಕಂಪನಿಯ ಮೇಲೆ ದೂರು ಕೊಟ್ಟರು. ಅದರ ವಿಚಾರಣೆ ಇದು.

ಕಂಪನಿಯ ವಕೀಲ ಎದ್ದ. "ಅಮ್ಮಾ, ತೊಂದರೆ ನಿಮ್ಮ ಮೈದುನನ ಕಡೆಯಿಂದಲೇ ಯಾಕಿರಬಾರದು?"

"ಅವನಿಗೆ ಸುಳ್ಳು ಹೇಳೋಕೆ ಬರಲ್ಲ ಸ್ವಾಮಿ. ಚಿಕ್ಕವನಿದ್ದಾಗ ಸಕ್ಕರೆ ಕದ್ದು ಬಾಯಿ ಒರೆಸ್ಕೊಳ್ಳೋದನ್ನೇ ಮರೀತಿದ್ದ!"

ಹಾಲ್ ನಕ್ಕಿತು.

"ಈ ಹಾಲ್‌ಗೂ ಅವನದೇ ಲೈನು. ಇಲ್ಲೇ ನೋಡಿ ಬೇಕಾದ್ರೆ." ಅತ್ತಿಗೆ ಫೋನನ್ನು ಆಯೋಗದ ಅಧಿಕಾರಿಯ ಮುಂದಿಟ್ಟು ಒತ್ತಿದರು. ಸುತ್ತ ಕೂತವರೆಲ್ಲ ಅದೇ ಲೈನಿನಲ್ಲಿ ವಿಚಾರಣೆಯನ್ನು ನೇರ ಪ್ರಸಾರ ಮಾಡುತ್ತಿದ್ದರೂ ಮುಳ್ಳು ಒಂದೇ ನೆಗೆತಕ್ಕೆ ತುದಿಗೆ ಹೋಯಿತು. ಚಪ್ಪಾಳೆ. ಅಧಿಕಾರಿ ತಂತಿಯತ್ತ ತಿರುಗಿದರು. "ಹಾಗಾದ್ರೆ ನಿಮ್ಮ ಲೈನಲ್ಲಿ ದೋಷವಿಲ್ಲ ಅಂತ ಬರ್ಕೊಳ್ಳಲಾ?"

ಹೂಂ ಎಂದರೆ ಮುಗಿಯುತ್ತಿತ್ತು. ಅತ್ತಿಗೆ ಅವನನ್ನು ನೋಡಿ ಹುಬ್ಬು ಹಾರಿಸಿದರು, ಹೇಗಿತ್ತು ಎನ್ನುವಂತೆ. ಆ ಹುಬ್ಬನ್ನು ಅವನಿಂದ ತಾಳಲಾಗಲಿಲ್ಲ. ತನ್ನ ಫೋನ್ ತೆಗೆದು, ಯಂತ್ರದೊಳಗೆ ಹೋಗಿ, ತಾನು ಹೇಳಿಟ್ಟಿದ್ದನ್ನು ಅಳಿಸಿದ.

"ಅತ್ತಿಗೆ, ಇನ್ನೊಂದ್ಸಲ ಒತ್ತಿ."

ಅವರು ವಕೀಲನ ಮೂಗಿನ ಮುಂದೆಯೇ ಹಿಡಿದು ಒತ್ತಿದರು. ಮುಳ್ಳು ತೆವಳಿತು, ತಡವರಿಸಿತು, ಬುಡದಲ್ಲೇ ಕೂತಿತು.

"ಥೂ, ಈ ಫೋನೇ ಕೆಟ್ಟಿದೆ," ಎಂದು ಅತ್ತಿಗೆ ಅದನ್ನು ಅಂಗೈಗೆ ಕುಟ್ಟಿದರು. ಮತ್ತೆ ಒತ್ತಿದರು.

"ಫೋನ್ ಸರಿಯಾಗೇ ಇದೆ ಅತ್ತಿಗೆ. ಮೊದಲು ತೋರಿಸಿದ್ದೇ ಸುಳ್ಳು. ನಾನೇ ಹಾಗೆ ಮಾಡಿಟ್ಟಿದ್ದೆ."

ಚಪ್ಪಾಳೆ ಹೊಡೆದ ಕೈಗಳು ಮಡಿಲಿಗೆ ಇಳಿದವು. ವಕೀಲ ನಕ್ಕ: "ಸಮಾನತೆ ಬೇಕು ಅಂತ ಕೂಗಿದವರು ನೋಡಿ! ಸ್ವಾಮಿ, ಈ ನಿಯಮವನ್ನೇ ತೆಗೆದುಹಾಕಿ."

ತಂತಿ ಎದ್ದು ನಿಂತ. "ದೂರನ್ನ ನನ್ನ ಮೇಲೆ ಬರ್ಕೊಳ್ಳಿ. ನಿಯಮ ಮುಟ್ಟಬೇಡಿ. ಅದನ್ನ ಮುರಿದವನು ನಾನು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಹಿ ಹಾಕಿದ್ದ ನೆರೆಯವರು ಅವನನ್ನಲ್ಲ, ಅತ್ತಿಗೆಯನ್ನು ನೋಡುತ್ತಿದ್ದರು. ಅತ್ತಿಗೆ ಫೋನನ್ನು ಚೀಲಕ್ಕೆ ಹಾಕಿ, ಅವನ ಬಳಿ ಬಂದು, ಅವನಿಗಷ್ಟೇ ಕೇಳುವಂತೆ ಹೇಳಿದರು:

"ಈ ಸಲ ಬಾಯಿ ಒರೆಸ್ಕೊಂಡಿದ್ದೆ, ಅಲ್ವಾ."

ಮತ್ತೆ ಅವನ ಪಕ್ಕದಲ್ಲಿ ಕೂರದೆ, ಕೊನೆಯ ಸಾಲಿಗೆ ನಡೆದರು.